ದೋಣಿಯ ಅಂಚಿನ ಮೇಲೆ ಒಂದು ಕಾಲು

ನಮ್ಮ ಕಡೆ ಬಸ್ಸನ್ನು ನಿಲ್ಲಿಸಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಮನೆಯವರಲ್ಲಿ ಯಾರೋ ಒಬ್ಬರು ಇನ್ನೂ ಬಂದಿರುವುದಿಲ್ಲ, ಬಾಳೆಹಣ್ಣು ಕೊಳ್ಳಲೋ ಬಾಟಲಿಗೆ ನೀರು ತುಂಬಿಸಲೋ ಹೋಗಿರುತ್ತಾರೆ. ಆಗ ಮೊದಲು ಬಂದವರು ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲೆ, ಇನ್ನೊಂದನ್ನು ನೆಲದ ಮೇಲೆ ಇಟ್ಟು ಬಾಗಿಲಿನ ಸರಳು ಹಿಡಿದು ನಿಲ್ಲುತ್ತಾರೆ. ಕಂಡಕ್ಟರ್ ಬೈಯುತ್ತಾನೆ. ನಿಂತವರು 'ಬಂದ್ರು ಬಂದ್ರು, ಇಲ್ಲೇ ಅದಾರ್ರಿ' ಅನ್ನುತ್ತಾರೆ. ಡ್ರೈವರ್ ಸುಮ್ಮನೆ ಹಾರ್ನ್ ಒತ್ತುತ್ತಿರುತ್ತಾನೆ. ಒಂದು ಕಾಲು ನೆಲದ ಮೇಲಿರುವವರೆಗೆ ಬಸ್ಸು ಹೊರಡುವುದಿಲ್ಲ.

ಶಹಾಪುರದ ನಿಲ್ದಾಣದಲ್ಲಿ, ಸುರಪುರಕ್ಕೆ ಹೋಗುವ ಬಸ್ಸಿನ ಮೆಟ್ಟಿಲ ಮೇಲೆ ಅಪ್ಪನ ಚಪ್ಪಲಿಯ ಕಾಲು ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅಕ್ಕ ಇದನ್ನು ಒಪ್ಪುವುದಿಲ್ಲ. 'ಅಪ್ಪ ಎಲ್ಲಿ ನಿಂತಿದ್ದ? ನಿಲ್ತಿದ್ದಾಕಿ ಅವ್ವ. ತಡಾ ಮಾಡಾಂವ ಅಪ್ಪ' ಅನ್ನುತ್ತಾಳೆ. ಚಪ್ಪಲಿ ಗಂಡಸಿನದೇ ಎಂದು ನಾನು ವಾದಿಸಿದೆ. ಅವ್ವ ಅಪ್ಪನ ಹಳೆ ಚಪ್ಪಲಿಯನ್ನೇ ಹಾಕುತ್ತಿದ್ದಳು ಎಂದು ಅಕ್ಕ ಹೇಳಿದಳು. ಅದಾದ ಮೇಲೆ ಆ ಕಾಲು ಯಾರದೆಂದು ನನಗೆ ಗೊತ್ತಿಲ್ಲ.

ಈ ಕಾಲಿನ ವಿಷಯ ಬಂದದ್ದು ಒಂದು ಆಟದಿಂದ.

ಅಕ್ಕನನ್ನು ತಿಂಥಣಿಗೆ ಕೊಟ್ಟಿದೆ, ಹೊಳೆಯ ದಂಡೆಯ ಮನೆ. ಭಾವ ಮೀನು ತುಂಬಿಕೊಂಡು ಬೆಳಿಗ್ಗೆಯೇ ಸುರಪುರಕ್ಕೆ ಹೋದರೆ ಬರುವುದು ಸಂಜೆಗೆ. ಅಕ್ಕನ ಅತ್ತೆ ಹಾಸಿಗೆ ಹಿಡಿದು ಬಹಳ ದಿನವಾಯಿತು, ಮಗ್ಗುಲು ತಿರುಗಿಸುವುದಕ್ಕೂ ಅಕ್ಕನೇ ಬೇಕು. ಹೀಗಾಗಿ ಅವಳು ತವರಿಗೆ ಬರುವುದು ನಿಂತಿತು. ಮೊದಮೊದಲು ಮದುವೆ ಜಾತ್ರೆಗಾದರೂ ಬರುತ್ತಿದ್ದಳು, ಆಮೇಲೆ ಅದೂ ಇಲ್ಲ. ಮಧ್ಯಾಹ್ನ ಊಟವಾಗಿ ಅತ್ತೆ ಮಲಗಿದ ಮೇಲೆ ಒಂದು ತಾಸು ಮಾತ್ರ ಅವಳದು. ಆ ತಾಸಿನಲ್ಲಿ ಅವಳು ಮೊಬೈಲಿನಲ್ಲಿ ಒಂದು ಆಟ ಆಡುತ್ತಿದ್ದಳು. ನನ್ನನ್ನೂ ಶಹಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಗೆಳೆಯನನ್ನೂ ಅದಕ್ಕೆ ಎಳೆದವಳು ಅವಳೇ. ನಾನು ಯಾದಗಿರಿಯಲ್ಲಿ ಅತಿಥಿ ಉಪನ್ಯಾಸಕ. ಮಧ್ಯಾಹ್ನದ ತರಗತಿಗಳಿಲ್ಲದ ದಿನ ಸ್ಟಾಫ್ ರೂಮಿನ ಮೂಲೆಯಲ್ಲಿ ಕುಳಿತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದೆ.

ಆಟ ಸರಳ. ಎಲ್ಲರೂ ಒಂದು ದಂಡೆಯಲ್ಲಿ ಸೇರಬೇಕು, ದೋಣಿ ಹತ್ತಬೇಕು, ನಡುಗಡ್ಡೆಗೆ ಹೋಗಿ ಪ್ರವಾಹ ಏರುವುದರೊಳಗೆ ಸಾಮಾನು ಕೂಡಿಸಿಕೊಂಡು ಮರಳಬೇಕು. ದೋಣಿಯಲ್ಲಿ ನಮ್ಮ ಮೂವರ ಜೊತೆ ಎಲ್ಲೆಲ್ಲಿಯವರೋ ಇರುತ್ತಾರೆ. ಗಂಟೆ ಬಾರಿಸಿದ ಮೇಲೆ ದೋಣಿ ಹೊರಡುತ್ತದೆ. ತಪ್ಪಿಸಿಕೊಂಡವರು ಆ ಸುತ್ತು ಮುಗಿಯುವವರೆಗೆ ದಂಡೆಯಲ್ಲಿ ನಿಂತು ನೋಡಬೇಕು. ಆಡುವಾಗ ಒಬ್ಬರ ಮಾತು ಒಬ್ಬರಿಗೆ ಕೇಳುತ್ತದೆ. ನಡುಗಡ್ಡೆಯಲ್ಲಿ ಅಕ್ಕನನ್ನು ಮೀರಿಸುವವರು ಇರಲಿಲ್ಲ. ನೀರು ಮೊದಲು ಯಾವ ಕಡೆಯಿಂದ ಏರುತ್ತದೆ ಎಂದು ಅವಳು ಹೇಳಿದರೆ ಅದೇ ಸರಿ. ಒಮ್ಮೆ ಯಾರೋ ಅಪರಿಚಿತ ಹಿಂದಿಯಲ್ಲಿ ಅವಳನ್ನು ಉಸ್ತಾದ್ ಎಂದು ಕರೆದ. 'ಏನಂತಾನ ಅಂವ?' ಎಂದು ಕೇಳಿದಳು. ನಿನ್ನ ಚೇಲಾ ಆಗ್ತಾನಂತ ಎಂದು ಗೆಳೆಯ ಹೇಳಿದ. 'ಮೊದಲ ನೀರಾಗಿಂದ ಎದ್ದು ಬಾ ಅನ್ನು' ಅಂದಳು.

ತೊಂದರೆ ಒಂದೇ. ಅವಳ ಮನೆಯಲ್ಲಿ ಸಿಗ್ನಲ್ ಹಿತ್ತಲ ಕಟ್ಟೆಯ ಮೇಲೆ ಮಾತ್ರ ಸಿಗುತ್ತದೆ, ಅದೂ ಅರೆಬರೆ. ಆಟ ಶುರುವಾದಾಗ ನಾವೆಲ್ಲ ದಂಡೆಯಲ್ಲಿ ನಿಂತಿದ್ದರೆ ಅವಳ ಪರದೆಯ ಮೇಲೆ ಇನ್ನೂ ಲೋಡಿಂಗಿನ ಗೋಲ ತಿರುಗುತ್ತಿರುತ್ತದೆ. ಗೆಳೆಯ ತನ್ನ ಅಂಗಡಿಯಿಂದ ಒಳ್ಳೆಯ ಮೊಬೈಲನ್ನೇ ಕಳಿಸಿಕೊಟ್ಟ. ಗೋಲ ಅದರಲ್ಲೂ ತಿರುಗಿತು. ಒಮ್ಮೆ ಒಳಗೆ ಬಂದಳೆಂದರೆ ಆಟ ಸುಸೂತ್ರ. ಬರುವುದೇ ತಡ.

ಉಪಾಯ ಕಂಡುಹಿಡಿದವನು ಗೆಳೆಯ. ದೋಣಿಯ ಅಂಚಿನ ಮೇಲೆ ಒಂದು ಕಾಲು, ದಂಡೆಯ ಹಲಗೆಯ ಮೇಲೆ ಒಂದು ಕಾಲು ಬರುವಂತೆ ಆಟದ ಗೊಂಬೆಯನ್ನು ನಿಲ್ಲಿಸಿದರೆ ದೋಣಿ ಕದಲುತ್ತಿರಲಿಲ್ಲ. ಗಂಟೆ ಬಾರಿಸುತ್ತಲೇ ಇರುತ್ತಿತ್ತು. 'ದೋಸ್ತ, ಇದು ಸುರಪುರ ಬಸ್ ಆಯ್ತಲ್ಲೋ!' ಎಂದು ಕೂಗಿದ. ಅಂದಿನಿಂದ ಸರದಿಯ ಪ್ರಕಾರ ನಾವಿಬ್ಬರೂ ಕಾಲಿಟ್ಟು ನಿಲ್ಲುತ್ತಿದ್ದೆವು. ಅಪರಿಚಿತರು ಬೈಯುತ್ತಿದ್ದರು. ಗೆಳೆಯ ಅವರಿಗೆಲ್ಲ 'ಬಂದ್ರು ಬಂದ್ರು' ಎಂದು ಕನ್ನಡದಲ್ಲಿಯೇ ಉತ್ತರ ಕೊಡುತ್ತಿದ್ದ. ಅಕ್ಕ ದಂಡೆಯ ಮೇಲೆ ಮೂಡಿ ಓಡಿಬಂದು ಹತ್ತುತ್ತಿದ್ದಳು. 'ಹೂಂ, ಬಿಡ್ರಿ' ಅನ್ನುತ್ತಿದ್ದಳು, ಕಂಡಕ್ಟರನಿಗೆ ಹೇಳಿದ ಹಾಗೆ.

ಒಂದು ದಿನ ಆಟ ತಾನೇ ಹೊಸದಾಯಿತು. ನೀರಿನ ಬಣ್ಣ ಬದಲಾಗಿತ್ತು, ದೋಣಿಗೆ ಚಂದದ ಹಾಯಿ ಬಂದಿತ್ತು. ಅಂದು ನನ್ನ ಸರದಿ. ಎಂದಿನಂತೆ ಕಾಲಿಟ್ಟು ನಿಂತೆ. ಗಂಟೆ ಬಾರಿಸಿತು. ದೋಣಿ ನನ್ನನ್ನು ಎಳೆದುಕೊಂಡೇ ಹೊರಟಿತು. ಅರ್ಧ ಹೊಳೆಗೆ ಬಂದಾಗ ಅಕ್ಕನ ದನಿ ಕೇಳಿತು.

'ಎಲ್ಲಿದ್ದೀರೋ? ಇಲ್ಲಿ ಯಾರೂ ಇಲ್ಲಲ್ಲ.'

'ಅಕ್ಕಾರ, ದೋಣಿ ನಿಂದ್ರಲಿಲ್ರಿ' ಅಂದ ಗೆಳೆಯ.

'ಕಾಲಿಟ್ಟಿದ್ದಿಲ್ಲೇನು?'

'ಇಟ್ಟಿದ್ದ ನಿಮ್ಮ ತಮ್ಮ. ಕಾಲು ಸಣ್ಣದಾಗಿರಬೇಕು.'

ನಕ್ಕೆವು. ಮರುದಿನವೂ ಹಾಗೇ ಆಯಿತು. ಅದರ ಮರುದಿನ ಯಾರೂ ನಗಲಿಲ್ಲ.

ಆಟ ತಯಾರಿಸಿದವರಿಗೆ ನಾನು ಬರೆದೆ. ವಿಶ್ವವಿದ್ಯಾಲಯದಲ್ಲಿ ಕಲಿತ ಬರವಣಿಗೆ ಇಂಥದ್ದಕ್ಕಾದರೂ ಬರಲಿ ಎಂದು ಆಧಾರ, ತರ್ಕ, ವಿನಂತಿ ಎಲ್ಲವನ್ನೂ ಕ್ರಮವಾಗಿ ಜೋಡಿಸಿದೆ. ಇಷ್ಟು ದಿನ ಆಡಿದವರಿಗೆ ಆಟದ ಬಗ್ಗೆ ಗೊತ್ತಿರುವುದು ಮಾಡಿದವರಿಗೂ ಗೊತ್ತಿರಲಾರದು, ಆದ್ದರಿಂದ ಬದಲಿಸುವ ಮೊದಲು ಅವರನ್ನು ಕೇಳಬೇಕು ಎಂದೆ. ಮುಖ್ಯ ಆಧಾರವಾಗಿ ಅವರ ಮಾತನ್ನೇ ಅವರಿಗೆ ನೆನಪಿಸಿದೆ: ಹಳೆಯ ಆಟದ ಮೊದಲ ಪರದೆಯಲ್ಲಿ ಅಂಬಿಗನ ಚಿತ್ರದ ಕೆಳಗೆ 'ಎಲ್ಲರೂ ಹತ್ತಿದ ಮೇಲೆಯೇ ದೋಣಿ ಹೊರಡುತ್ತದೆ' ಎಂದು ನೀವೇ ಬರೆದಿದ್ದಿರಿ, ಈಗ ಆ ಮಾತಿಗೆ ತಪ್ಪಿದ್ದೀರಿ.

ಮೊದಲು ಯಂತ್ರದ ಉತ್ತರ ಬಂತು, ಧನ್ಯವಾದ ಎಂದು. ಮತ್ತೆ ಬರೆದೆ, ಮತ್ತೆ ಧನ್ಯವಾದ. ಬೇಸತ್ತು ಬಿಟ್ಟ ಮೇಲೆ ಮನುಷ್ಯರೇ ಬರೆದಂತಿದ್ದ ಉತ್ತರ ಬಂತು: ಅಂಥ ಸಾಲು ಆಟದಲ್ಲಿ ಎಂದೂ ಇರಲಿಲ್ಲ. ಅಂಚಿನಲ್ಲಿ ನಿಂತರೆ ದೋಣಿ ನಿಲ್ಲುತ್ತಿದ್ದದ್ದು ನಮ್ಮಿಂದಾದ ದೋಷ, ಹೊಸ ಆಟಗಾರರು ಬಹಳ ದೂರು ಕೊಟ್ಟಿದ್ದರಿಂದ ಸರಿಪಡಿಸಿದ್ದೇವೆ. ಆಟದ ಮೇಲಿನ ನಿಮ್ಮ ಪ್ರೀತಿಗೆ ಋಣಿ.

ಅದನ್ನು ಹಿಡಿದುಕೊಂಡು ಶಹಾಪುರಕ್ಕೆ ಹೋದೆ. ಗೆಳೆಯ ಯಾರದೋ ಮೊಬೈಲಿನ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದ. ಓದಿ ಹೇಳಿದೆ.

'ಸುಳ್ಳು ಹೇಳ್ತಾರ. ಆ ಸಾಲು ಇತ್ತು. ದಪ್ಪ ಅಕ್ಷರ, ಹಳದಿ ಬಣ್ಣ' ಅಂದೆ.

'ಯಾವ ಭಾಷಾದಾಗ?'

'ಕನ್ನಡದಾಗ.'

ಅವನು ತಲೆ ಎತ್ತಿದ. 'ಮಾಸ್ತರ, ಆ ಆಟದಾಗ ಕನ್ನಡ ಎಲ್ಲಿ ಅದನೋ? ಹಿಂದಿ ಅದ, ಇಂಗ್ಲಿಷ್ ಅದ. ಕನ್ನಡ ಯಾವಾಗ ಇತ್ತು?'

ಹಳದಿ ಅಕ್ಷರಗಳು ಆಗಲೂ ಕಣ್ಣ ಮುಂದೆಯೇ ಇದ್ದವು. ಪರೀಕ್ಷಿಸಿ ನೋಡೋಣವೆಂದರೆ ಹಳೆಯ ಆಟ ಈಗ ಎಲ್ಲಿಯೂ ಇಲ್ಲ. ಪುಸ್ತಕವಾದರೆ ಹಳೆಯ ಮುದ್ರಣ ಯಾರ ಮನೆಯಲ್ಲಾದರೂ ಉಳಿದಿರುತ್ತದೆ. ಇದು ಎಲ್ಲರ ಮೊಬೈಲಿನಿಂದಲೂ ಒಂದೇ ಸಲ ಅಳಿಸಿಹೋಗಿದೆ. ಉಳಿದದ್ದು ನನ್ನ ನೆನಪು. ಅವ್ವನ ಕಾಲನ್ನು ಅಪ್ಪನದೆಂದು ಇಟ್ಟುಕೊಂಡಿದ್ದ ನೆನಪೂ ಅದೇ.

ಆಗ ಅಂಗಡಿಗೆ ಒಬ್ಬಳು ಕಾಲೇಜು ಹುಡುಗಿ ಮೊಬೈಲಿಗೆ ಗಾಜು ಹಾಕಿಸಲು ಬಂದಿದ್ದಳು. ನಮ್ಮ ಮಾತು ಕೇಳಿ ತಾನೂ ಆ ಆಟ ಆಡುತ್ತೇನೆಂದಳು.

'ಈಗ ಚೊಲೋ ಆಗ್ಯಾದ್ರಿ. ಮೊದಲ ಯಾರ್ಯಾರೋ ದೋಣಿ ಅಂಚಿನ ಮ್ಯಾಲ ಕಾಲಿಟ್ಟು ನಿಂತುಬಿಡ್ತಿದ್ರು. ಎಷ್ಟು ಸಲ ಆಟಾನೇ ಬಿಟ್ಟು ಎದ್ದೀನಿ. ಬೈದ್ರ ಬಂದ್ರು ಬಂದ್ರು ಅಂತಿದ್ರು. ಯಾರ್ ಬರ್ತಿದ್ರೋ!'

ಗೆಳೆಯ ಗಾಜಿನ ಮೇಲಿನ ಗುಳ್ಳೆಗಳನ್ನು ಬೆರಳಿನಿಂದ ಒತ್ತುತ್ತ ಕೂತ. ಅವಳು ಹೋದ ಮೇಲೆ, 'ಇಷ್ಟ ದೋಣಿ ಬಿಟ್ಟು ನಮ್ಮ ದೋಣಿಗೇ ಹತ್ತಬೇಕಿತ್ತೇನು ಅಕಿ?' ಅಂದ.

'ಅಕಿದೂ ಖರೆ ಅದ.'

'ನೀ ಯಾರ ಕಡಿಯಾಂವ?'

ಹಳಬರ ಮಾತನ್ನು ಕೇಳಬೇಕು ಎಂದು ಪುಟಗಟ್ಟಲೆ ಬರೆದಿದ್ದವನು ನಾನು. ಆದರೆ ಹಳಬರು ಯಾರು? ಬೇರೆಯವರು ಗೊಣಗಿದರೂ ತಮಗೆ ಬೇಕಾದಷ್ಟು ಹೊತ್ತು ದೋಣಿ ನಿಲ್ಲಿಸಿಕೊಂಡವರೂ ಹಳಬರೇ. ಕೇಳಿದ್ದರೆ ಯಾರನ್ನು ಕೇಳಬೇಕಿತ್ತು? ಅಕ್ಕನನ್ನು ಕೇಳಬೇಕಿತ್ತು ಎಂದು ಮನಸ್ಸು ಹೇಳುತ್ತದೆ. ಅವಳು ನನ್ನ ಅಕ್ಕನಾಗಿರದಿದ್ದರೆ ಹಾಗೆ ಹೇಳುತ್ತಿತ್ತೇ, ತಿಳಿಯದು. ತಡವಾಗಿ ಬರುವವರಿಗಾಗಿ ಆಟದವರೇ ಒಂದು ದಾರಿ ಮಾಡಬಹುದಿತ್ತು, ಅದನ್ನೂ ಬರೆದು ಕಳಿಸಿದೆ. ಅದಕ್ಕೆ ಬಂದದ್ದು ಯಂತ್ರದ ಧನ್ಯವಾದ.

ಕೆಲವು ದಿನ ನಾವಿಬ್ಬರೂ ದೋಣಿ ಹತ್ತದೆ ದಂಡೆಯಲ್ಲೇ ಅಕ್ಕನಿಗಾಗಿ ನಿಂತೆವು. ದೋಣಿ ಹೋದ ಮೇಲೆ ಅವಳು ಬರುತ್ತಿದ್ದಳು. ಮೂವರೂ ಹಲಗೆಯ ಮೇಲೆ ನಿಂತು ಮಾತಾಡುತ್ತಿದ್ದೆವು. ಅದೂ ಒಂದು ತರಹ ಚೆನ್ನಾಗಿಯೇ ಇತ್ತು. ಆದರೆ ಬೇಕೆಂದೇ ಆಡದೆ ನಿಲ್ಲುತ್ತಿದ್ದೀರಿ ಎಂದು ಆಟ ನಮಗೆ ಎಚ್ಚರಿಕೆ ಕೊಡತೊಡಗಿತು, ಆಮೇಲೆ ನಮ್ಮಿಬ್ಬರನ್ನೂ ಕೆಲವು ದಿನ ಹೊರಗಿಟ್ಟಿತು. ಅಕ್ಕನಿಗೆ ಇದು ಗೊತ್ತಾದದ್ದು ಗೆಳೆಯನಿಂದ.

'ನನ್ನ ಸಲುವಾಗಿ ನೀವ್ಯಾಕ ದಂಡೀಗ ನಿಲ್ತೀರಿ? ಹೋಗ್ರಿ ನೀವು. ನಾ ನೋಡ್ತೀನಿ' ಅಂದಳು. ನಾವು ಹೋದೆವು. ಅವಳಿಲ್ಲದೆ ನಡುಗಡ್ಡೆಯಲ್ಲಿ ಪ್ರತಿ ಸಲವೂ ಮುಳುಗಿದೆವು. ದಂಡೆಯಿಂದ ಅವಳು ಸ್ವಲ್ಪ ದಿನ ದಾರಿ ಹೇಳಿದಳು, ಆಮೇಲೆ ಬರುವುದು ಕಡಿಮೆಯಾಯಿತು. ಅದರ ಬದಲು ಫೋನ್ ಮಾಡಿದರೆ ಊಟ ಆಯ್ತಾ, ಅತ್ತೆ ಹ್ಯಾಂಗದಾರ, ಭಾವ ಬಂದ್ರಾ ಎನ್ನುವಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಆಟದಲ್ಲಿದ್ದಾಗ ಒಂದು ತಾಸು ಏನು ಮಾತಾಡುತ್ತಿದ್ದೆವು ಎಂದು ನೆನಪಿಸಿಕೊಳ್ಳಲು ನೋಡಿದೆ. ಒಂದೂ ನೆನಪಾಗಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ನಾನೇ ತಿಂಥಣಿಗೆ ಹೋದೆ. ಗೆಳೆಯನಿಗೆ ಆಟಕ್ಕೆ ಬರಲು ಹೇಳಿದ್ದೆ. ಅತ್ತೆ ಮಲಗಿದ್ದರು. ಹಿತ್ತಲ ಕಟ್ಟೆಯ ಮೇಲೆ ಅಕ್ಕ ಗೋಣಿಚೀಲ ಹಾಸಿ ಜಾಗ ಕೊಟ್ಟಳು. ಕೆಳಗೆ ಹೊಳೆ, ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು.

'ಇದನ್ನ ತೆಗದುಬಿಡು ತಮ್ಮಾ ಮೊಬೈಲಿಂದ. ಖಾಲಿ-ಪೀಲಿ ಜಾಗಾ ಹಿಡೀತದ' ಅಂದಳು.

'ಒಂದಾಟ ಆಡೂಣು. ನಾ ಬಾಜೂಕೇ ಇದ್ದೀನಲ್ಲ.'

ಪಕ್ಕದಲ್ಲಿದ್ದರೆ ಏನಾಗುತ್ತದೆ ಎಂದು ನಾನು ಅಂದುಕೊಂಡಿದ್ದೆನೋ. ಇಬ್ಬರೂ ಆಟ ತೆರೆದೆವು. ಅವಳ ಪರದೆಯಲ್ಲಿ ಗೋಲ ತಿರುಗಿತು. ನನ್ನದರಲ್ಲೂ ತಿರುಗಿತು. ಯಾದಗಿರಿಯಲ್ಲಿ ಎಂದೂ ತಿರುಗದ ಮೊಬೈಲು ಅದು. ಗಂಟೆಯ ಸದ್ದು ಕೇಳುತ್ತಿತ್ತು, ಗೆಳೆಯನ ದನಿಯೂ ಕೇಳುತ್ತಿತ್ತು: 'ಬರ್ರಿ, ಜಲ್ದಿ ಬರ್ರಿ, ಕಾಲಿಟ್ಟೀನಿ.' ಅವನು ಈಗಲೂ ಕಾಲಿಟ್ಟು ನಿಲ್ಲುತ್ತಾನೆಂದು ನನಗೆ ಗೊತ್ತಿರಲಿಲ್ಲ.

ಕಾಯುತ್ತ ಕುಳಿತಾಗ ಕೇಳಿದೆ. 'ಅಕ್ಕಾ, ಎಲ್ಲರೂ ಹತ್ತಿದ ಮ್ಯಾಲೇ ದೋಣಿ ಹೊರಡ್ತದ ಅಂತ ಹಳೇ ಆಟದಾಗ ಬರದಿತ್ತಲ್ಲ?'

'ಬರದಿದ್ದು ನನಗ ಗೊತ್ತಿಲ್ಲ. ನಿನಗ ಕಲಸುವಾಗ ನಾ ಹಾಂಗ ಅಂದಿರಬೇಕು. ನೀ ಭಾಳ ಅವಸರ ಮಾಡ್ತಿದ್ದಿ.'

'ಖರೇನ ಅಂದಿದ್ದ್ಯಾ?'

'ಅಂದಿರಬೇಕು ಅಂದೆ. ನನಗರ ಎಲ್ಲಿ ನೆನಪಿರ್ತದ?'

ಗೋಲ ನಿಂತಿತು. ದಂಡೆಯ ಮೇಲೆ ನಾವಿಬ್ಬರೂ ಒಟ್ಟಿಗೇ ಮೂಡಿದೆವು. ದೋಣಿ ಹೊರಟಾಗಿತ್ತು. ಗೆಳೆಯನ ಗೊಂಬೆ ಅಂಚಿನ ಮೇಲೆ ಒಂದು ಕಾಲು ಊರಿ, ಇನ್ನೊಂದನ್ನು ನಮ್ಮ ಕಡೆಗೆ ಗಾಳಿಯಲ್ಲಿ ಚಾಚಿಕೊಂಡು, ದೂರ ದೂರ ಹೋಗುತ್ತಿತ್ತು. 'ಬಂದ್ರು ಬಂದ್ರು' ಎಂದು ಅವನು ಇನ್ನೂ ಯಾರಿಗೋ ಹೇಳುತ್ತಿದ್ದ.

ಒಳಗಿನಿಂದ ಅತ್ತೆ ಕರೆದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. ಮೊಬೈಲನ್ನು ನನ್ನ ಕೈಗೆ ಕೊಡುವ ಮೊದಲು ಅದನ್ನು ಬಾಯಿಯ ಹತ್ತಿರ ಹಿಡಿದು ಗೆಳೆಯನಿಗೆ ಹೇಳಿದಳು:

'ಕಾಲು ಒಳಗ ತಗೋ ತಮ್ಮಾ. ಬೀಳ್ತಿ.'