ಕೌಜಲಗಿಯ ಜಂಗು

೧೯೩೭ರಲ್ಲಿ ನಾನು ಗೋಕಾಕದ ದವಾಖಾನೆಯಲ್ಲಿ ಡಾಕ್ಟರನಾಗಿದ್ದೆ. ಸಿಡುಬಿನ ಲಸಿಕೆ ಹಾಕಲು ಆಗಾಗ ಕೌಜಲಗಿಗೆ ಹೋಗಬೇಕಾಗುತ್ತಿತ್ತು. ಅಲ್ಲಿ ಎಪ್ಪತ್ತು ದಾಟಿದ ಚನ್ನಬಸಯ್ಯ ಎಂಬ ಜಂಗಮರಿದ್ದರು. ದಿನಾ ನಸುಕಿನಲ್ಲಿ ಮೊಣಕಾಲ ಕೆಳಗೆ ಜಂಗು, ಅಂದರೆ ಗಂಟೆಗಳ ಪಟ್ಟಿ, ಕಟ್ಟಿಕೊಂಡು ಮನೆಮನೆಗೆ ಕಂತಿಭಿಕ್ಷೆಗೆ ಹೋಗುತ್ತಿದ್ದರು. ಕಟ್ಟೆ, ಹೊಸ್ತಿಲು, ಕೆಸರು, ಎಲ್ಲಿಯೂ ಹೆಜ್ಜೆ ತಪ್ಪುತ್ತಿರಲಿಲ್ಲ. ಆ ತಿರುಗಾಟವೇ ಅವರ ಬ್ಯಾಲೆನ್ಸ್ ಕಾಪಾಡಿತ್ತೆಂದು ನಾನು ಇಂದಿಗೂ ವಾದಿಸುತ್ತೇನೆ.

ಆ ಮಳೆಗಾಲದಲ್ಲಿ ಅವರು ಜಾರಿ ಬಿದ್ದರು. ಎಲುಬು ಮುರಿದಿರಲಿಲ್ಲ, ಮೊಣಕಾಲು ಬಾತಿತ್ತು. ಬಾವು ಇಳಿಯುವ ತನಕ ಮಲಗಿರಲಿ, ಇಳಿದ ಕೂಡಲೇ ಗೋಡೆ ಹಿಡಿಸಿ ನಡೆಸು ಎಂದು ಅವರ ತಮ್ಮನ ಮಗ ಗುರುಪಾದಯ್ಯನಿಗೆ ಹೇಳಿದೆ. ಮಕ್ಕಳಿಲ್ಲದ ಅಜ್ಜ ಎತ್ತಿ ಆಡಿಸಿ ಬೆಳೆಸಿದ್ದು ಇವನನ್ನೇ. ಅವನು ಭಕ್ತಿಯಿಂದ ತಲೆಯಾಡಿಸಿ, ನನ್ನ ಚೀಲವನ್ನು ಸೈಕಲ್ಲಿನ ತನಕ ಹೊತ್ತು ತಂದ. ಎಂಥ ಒಳ್ಳೆಯವನಪ್ಪಾ ಅಂದುಕೊಂಡೆ.

ನಡುವೆ ಮೂಡಲಗಿ ಕಡೆ ಕಾಲರಾ ಬಂತು. ಮತ್ತೆ ಕೌಜಲಗಿ ಮುಟ್ಟುವಾಗ ದಸರಾ ದಾಟಿತ್ತು. ಓಣಿಯಲ್ಲಿ ಜಂಗಿನ ಸದ್ದು ಕೇಳಿ, ಅಜ್ಜ ಎದ್ದರೆಂದು ಹಿಗ್ಗಿದೆ. ತಿರುವಿನಲ್ಲಿ ನೋಡಿದರೆ ಜಂಗು ಗುರುಪಾದಯ್ಯನ ಕಾಲಲ್ಲಿತ್ತು! ಅಜ್ಜ ಇನ್ನು ಏಳಲೇಬಾರದೆಂದು ಡಾಕ್ಟರೇ ಹೇಳಿದ್ದಾರಂತೆ, ಪಾಪ, ಎಂದು ಭಿಕ್ಷೆ ನೀಡುತ್ತಿದ್ದ ಹೆಣ್ಣುಮಗಳು ನನ್ನ ಗುರುತಿಲ್ಲದೆ ನನ್ನೆದುರೇ ಮರುಗಿದಳು. ಅವನು ನನ್ನ ಮುಖ ನೋಡದೆ ಮುಂದಿನ ಮನೆಗೆ ನಡೆದ.

ಮನೆಯಲ್ಲಿ ಅಜ್ಜ ಮಂಚ ಹಿಡಿದಿದ್ದರು. ಬಾವು ಎಂದೋ ಇಳಿದಿತ್ತು. ಜೊತೆಗೆ ತೊಡೆಯ ಮಾಂಸವೂ ಕರಗಿತ್ತು. ಬಳಸದ ಸ್ನಾಯು ಹೀಗೆ ಸೊರಗುವುದಕ್ಕೆ ನಮ್ಮಲ್ಲಿ ಮಸಲ್ ವೇಸ್ಟಿಂಗ್ ಎನ್ನುತ್ತಾರೆ.

"ಎದ್ರ ಕಾಲು ಪೂರಾ ಹೋಗತಾವ ಅಂದ್ರಂತ ನೀವು," ಎಂದರು. "ನಿಮ್ಮ ಮಾತು ನಂಬಿ ಬಿದ್ಕೊಂಡೇನ್ರಿ."

ಮೈ ಉರಿದುಹೋಯಿತು. "ಖರೆ ಹೇಳತೇನ್ರಿ ಅಜ್ಜಾರ, ಬಾವು ಇಳದ ಕೂಡ್ಲೇ ನಡಸು ಅಂತ ಹೇಳಿದ್ದೆ" ಎಂದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಹೊರಗೆ ಜಂಗು ಕೇಳುತ್ತಲೇ ಇತ್ತು.

ಅಂದೇ ಗೋಡೆ ಹಿಡಿಸಿ ನಿಲ್ಲಿಸಿದೆ. ಹೋದಾಗಲೆಲ್ಲ ನಡೆಸಿದೆ. ಸಂಕ್ರಾಂತಿಯ ಹೊತ್ತಿಗೆ ಕೋಲೂರಿ ಓಣಿಯ ತುದಿ ಮುಟ್ಟಿದರು. ಆದರೆ ಅಷ್ಟರಲ್ಲಿ ಊರು ಗುರುಪಾದಯ್ಯನಿಗೆ ಒಗ್ಗಿಹೋಗಿತ್ತು. ಇನ್ನು ಆರಾಮ ಕುಳಿತಿರಿ ಎಂದು ಹಿರಿಯರೂ ಹೇಳಿಬಿಟ್ಟರು. ಅವನು ಜಂಗು ಬಿಚ್ಚಿಕೊಡಲಿಲ್ಲ. ದೊಡ್ಡಪ್ಪ ಎದುರು ಬಂದರೆ ಓಣಿಯನ್ನೇ ಬದಲಿಸುತ್ತಿದ್ದ.

"ಅವಗ ಜಂಗು ಕಟ್ಟೂದು ಕಲಿಸಿದಾಂವನ ನಾನು," ಎಂದರು ಅಜ್ಜ ಒಮ್ಮೆ. "ಒಂದ ಮಾತು ಕೇಳಿದ್ರ ನನ್ನ ಕೈಯಾರೆ ಕಟ್ಟತಿದ್ದೆ."

ಅಂದಿನಿಂದ, ನಡೆಯಬೇಕೆಂಬ ಮಾತನ್ನು ನಡೆಯಬೇಕಾದವರ ಮಂಚದ ಬಾಜೂ ಕುಳಿತು ಅವರಿಗೇ ಹೇಳುತ್ತೇನೆ. ಮನೆಯವರು ಎಷ್ಟೇ ಭಕ್ತಿಯಿಂದ ಚೀಲ ಹೊರಲು ಬಂದರೂ, ನನ್ನ ಚೀಲವನ್ನು ನಾನೇ ಹೊರುತ್ತೇನೆ.