ನಾನು ಕತ್ತರಿಸಿದ ಸಾಲು

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಸರಸರನೆ ಓಡುವುದನ್ನು ಕಂಡರೆ ನಮ್ಮ ಕಾಲೇಜಿನ ದೊಡ್ಡವರಿಗೆಲ್ಲ ಒಂಥರಾ ಭಯಭಕ್ತಿ. ನಾನು ನಾಲ್ಕು ಶಬ್ದ ಕುಟ್ಟಿದರೆ ಸಾಕು, "ಏನ ತಲಿಲೇ ನಿಂದು!" ಎನ್ನುತ್ತಿದ್ದರು. ನಾನೂ ಉಬ್ಬುತ್ತಿದ್ದೆ. ಮುಧೋಳದಿಂದ ಜಮಖಂಡಿಗೆ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ದುಡಿಯುತ್ತಿದ್ದ, ವರ್ಷ ವರ್ಷ ಕರಾರು ಬರೆಸಿಕೊಳ್ಳುವ ಕಂಪ್ಯೂಟರ್ ಮನುಷ್ಯನಿಗೆ ಅಷ್ಟು ಹೊಗಳಿಕೆ ಇನ್ನೆಲ್ಲಿ ಸಿಗಬೇಕು?

ಗ್ರಂಥಾಲಯದ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಕಾಲೇಜಿನ ಯಾವ ಕೋಣೆಯಿಂದ ಪ್ರಿಂಟ್ ಕೊಟ್ಟರೂ ಅದರ ಮೂಲಕವೇ ಹೋಗಬೇಕು. ಪ್ರತಿ ಪ್ರಿಂಟಿಗೂ ಅದು ಲಾಗ್ ಎಂಬ ತನ್ನ ದಾಖಲೆಯಲ್ಲಿ ಒಂದೊಂದು ಸಾಲು ಬರೆದಿಡುತ್ತಿತ್ತು: ಯಾರ ಹೆಸರಿನಲ್ಲಿ, ಎಷ್ಟು ಹೊತ್ತಿಗೆ, ಯಾವ ಕೋಣೆಯ ಕಂಪ್ಯೂಟರಿನಿಂದ, ಯಾವ ಫೈಲು. ನೋಡಬೇಕೆಂದರೆ ಮೌಸು ನಡೆಯುವುದಿಲ್ಲ, ಕಮಾಂಡ್ ಬರೆಯಬೇಕು. ಅದು ಬರುತ್ತಿದ್ದುದು ನನಗೊಬ್ಬನಿಗೇ.

ಪ್ರಿಂಟಾದ ಹಾಳೆಗಳನ್ನು ಕೋಣೆ ಕೋಣೆಗೆ ಮುಟ್ಟಿಸುತ್ತಿದ್ದವಳು ಹುನ್ನೂರಿನಿಂದ ಬರುತ್ತಿದ್ದ ಒಬ್ಬ ಅಕ್ಕ. ಕುರಿ ಕಾಯುವ ಮನೆತನದವಳು. ಹನ್ನೆರಡು ವರ್ಷದಿಂದ ಹಂಗಾಮಿ ಸಿಪಾಯಿ. ಆ ವರ್ಷ ಅವಳನ್ನು ಕಾಯಂ ಮಾಡುವ ಫೈಲು ಮೇಲೆ ಹೋಗಿತ್ತು. ಸೀರೆಯ ಸೆರಗಿನ ತುದಿಗೆ ಮನೆದೇವರು ಬೀರಪ್ಪನ ಭಂಡಾರ ಗಂಟು ಕಟ್ಟಿಕೊಂಡಿರುತ್ತಿದ್ದಳು. ಫೈಲು ಹೋದ ದಿನ ಅದರಲ್ಲಿಯ ಒಂದು ಚಿಟಿಕೆ ಅರಿಷಿಣಪುಡಿ ನನ್ನ ಹಣೆಗೂ ಹಚ್ಚಿ, "ಈ ಸಲ ಆಗ್ತೈತಿ ತಮ್ಮಾ, ನನ್ನ ಮನಸ ಹೇಳಾಕತ್ತೈತಿ" ಎಂದಳು.

ಪ್ರಿಂಟ್ ಕೊಡುವಾಗ ಹೆಸರು, ಪಾಸ್‌ವರ್ಡ್ ಹಾಕಬೇಕಿತ್ತು. ಪ್ರಾಧ್ಯಾಪಕರಿಂದ ಸಿಪಾಯಿಯವರೆಗೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಮಾಡಿಕೊಟ್ಟಿದ್ದೆ. ಒಬ್ಬರಿಗಾದರೂ ನೆನಪಿರಬೇಕಲ್ಲ! ಅಕ್ಕನ ಪಾಸ್‌ವರ್ಡ್ ಅವಳ ದೇವರ ಹೆಸರು, ಮರೆಯುವ ಮಾತೇ ಇಲ್ಲ. "ಅಕ್ಕಾಂದ ಹಾಕ್ರಿ, ಹೆಂಗೂ ತರಾಕ ಅಕೀನ ಹೋಗಾಕಿ" ಎಂದು ಯಾರೋ ಒಬ್ಬರು ಶುರು ಮಾಡಿದರು. ತಿಂಗಳೊಪ್ಪತ್ತಿನಲ್ಲಿ ಇಡೀ ಕಾಲೇಜಿನ ಪ್ರಿಂಟು ಅವಳೊಬ್ಬಳ ಹೆಸರಿನಲ್ಲೇ ಬೀಳತೊಡಗಿತು. ಕಂಪ್ಯೂಟರಿನ ಮುಂದೆ ಒಂದು ದಿನವೂ ಕೂಡದ ಹೆಂಗಸಿನ ಹೆಸರು! ನನಗೆ ಗೊತ್ತಿತ್ತು. ಹೋಗಲಿ ಬಿಡು ಎಂದು ಸುಮ್ಮನಿದ್ದೆ.

ಒಂದು ಸೋಮವಾರ ಕಿರುಪರೀಕ್ಷೆ. ಹಿಂದಿನ ದಿನವೇ ಪ್ರಶ್ನೆಪತ್ರಿಕೆ ಬನಹಟ್ಟಿಯ ಹುಡುಗರ ಮೊಬೈಲುಗಳಲ್ಲಿ ಓಡಾಡುತ್ತಿತ್ತು. ಫೋಟೋದಲ್ಲಿದ್ದ ಹಾಳೆಯ ಬಲಗಡೆಗೆ ಉದ್ದಕ್ಕೆ ಒಂದು ಕಪ್ಪು ಗೀರು. ನಮ್ಮ ಪ್ರಿಂಟರಿನದೇ, ಸಂಶಯವಿರಲಿಲ್ಲ. ಪರೀಕ್ಷೆಯ ದಿನದ ಮುಂಜಾನೆಗೆ ಮೊದಲು ಪ್ರಶ್ನೆಪತ್ರಿಕೆಯನ್ನು ಯಾರೂ ಪ್ರಿಂಟ್ ತೆಗೆಯುವಂತಿರಲಿಲ್ಲ. ಪ್ರಾಚಾರ್ಯರು ನನ್ನನ್ನು ಕರೆದು, "ಲಾಗ್ ತಗೀ. ಮಧ್ಯಾಹ್ನ ಮೀಟಿಂಗಿಗೆ ತಗೊಂಡ ಬಾ. ನೋಡಿದ್ರ ತಿಳಿಯೂ ಹಂಗ ಇರಲಿ" ಎಂದರು.

ತಿಳಿಯುವ ಹಾಗೆಯೇ ಒಯ್ದೆ. ಶನಿವಾರ ಆ ಪ್ರಶ್ನೆಪತ್ರಿಕೆ ಪ್ರಿಂಟಾದ ಸಾಲನ್ನು ಹುಡುಕಿ, ಹೆಸರು ಮತ್ತು ವೇಳೆ ಇವೆರಡನ್ನೇ ಉಳಿಸಿಕೊಂಡು, ಮಿಕ್ಕಿದ್ದನ್ನು ಕಮಾಂಡಿನಲ್ಲೇ ಕತ್ತರಿಸಿ, ದಪ್ಪ ಅಕ್ಷರದಲ್ಲಿ ಒಂದು ಹಾಳೆ ಮಾಡಿಕೊಂಡು ಹೋದೆ. ಮೀಟಿಂಗಿನಲ್ಲಿ ನಾನೇ ಓದಿದೆ. ಅಕ್ಕನ ಹೆಸರು. ಸಂಜೆ ನಾಲ್ಕೂ ಹತ್ತು.

ಬಾಗಿಲ ಬಳಿ ನಿಂತಿದ್ದ ಅಕ್ಕ ಒಮ್ಮೆಲೆ ಒಳಗೆ ಬಂದಳು. "ನಾ ಕಂಪ್ಯೂಟರ ಮುಟ್ಟಿದಾಕಿ ಅಲ್ರೀ ಸಾಹೇಬ್ರ. ಬಿದ್ದ ಹಾಳಿ ತಂದ ಕೊಡಾಕಿ ಅಷ್ಟ. ನನ್ನ ಹೆಸರ್ಲೆ ಎಲ್ಲಾರೂ ತಗೀತಾರ, ಕೇಳ್ರಿ ಬೇಕಾದ್ರ. ಬೀರಪ್ಪನ ಭಂಡಾರ ಮುಟ್ಟಿ ಹೇಳ್ತೀನ್ರಿ" ಎಂದು ಸೆರಗಿನ ಗಂಟು ಬಿಚ್ಚತೊಡಗಿದಳು. ಅವಳ ಮನೆತನದಲ್ಲಿ ಭಂಡಾರ ಮುಟ್ಟಿ ಆಡಿದ ಮಾತಿನ ಮೇಲೆ ಮತ್ತೆ ಮಾತಿಲ್ಲ.

ನನ್ನ ನಾಲಿಗೆ ಸೇದಿಹೋಗಬಾರದಿತ್ತೇ? "ಅಕ್ಕಾ, ಭಂಡಾರದ ಮಾತ ಇಲ್ಲಿ ಬ್ಯಾಡ. ಮಷೀನಿಗೆ ಸುಳ್ಳ ಹೇಳಾಕ ಬರಂಗಿಲ್ಲ" ಎಂದುಬಿಟ್ಟೆ.

ಅಂದು ಮುಂಜಾನೆಯೂ ಅವಳ ಪಾಸ್‌ವರ್ಡಿನಲ್ಲೇ ಪ್ರಿಂಟ್ ತೆಗೆದ ಮಂದಿ ಅಲ್ಲಿ ಕುಳಿತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಆ ಪ್ರಶ್ನೆಪತ್ರಿಕೆಯ ವಿಭಾಗದ ಮುಖ್ಯಸ್ಥರಂತೂ ಕಿಟಕಿಯಾಚೆ ನೋಡುತ್ತ ಕೂತರು. "ನಾಳಿಂದ ಬರಬ್ಯಾಡವಾ" ಎಂದರು ಪ್ರಾಚಾರ್ಯರು. ಕಾಯಂ ಮಾಡುವ ಫೈಲು ವಾಪಸು ಬಂತು. ಹನ್ನೆರಡು ವರ್ಷದ ಚಾಕರಿ ಹತ್ತು ನಿಮಿಷದಲ್ಲಿ ಮುಗಿಯಿತು.

ನನ್ನ ಕರಾರು ಮಾತ್ರ ಮುಂದುವರಿಯಿತು. ಮುಖ್ಯಸ್ಥರೇ ಶಿಫಾರಸು ಮಾಡಿದರಂತೆ.

ವರ್ಷದ ನಂತರ ಆ ಹಳೆಯ ಕಂಪ್ಯೂಟರ್ ತೆಗೆದು ಹೊಸದು ಕೂಡಿಸುವ ಕೆಲಸ ಬಂತು. ಹಳೆಯ ಲಾಗುಗಳನ್ನು ನಕಲು ಮಾಡುವಾಗ ಆ ಶನಿವಾರದ ಸಾಲನ್ನು ಮತ್ತೆ ತೆರೆದೆ. ಈ ಸಲ ಕತ್ತರಿಸದೆ ಪೂರ್ತಿ ಪ್ರಿಂಟ್ ತೆಗೆದೆ. ವೇಳೆಯ ಮುಂದೆ ಕೋಣೆಯ ಹೆಸರು ಸ್ಪಷ್ಟವಾಗಿ ಇತ್ತು: ವಿಭಾಗದ ಮುಖ್ಯಸ್ಥರ ಕೋಣೆ. ಕೀಲಿ ಅವರೊಬ್ಬರ ಹತ್ತಿರವೇ ಇರುವ ಕೋಣೆ.

ಪ್ರಾಚಾರ್ಯರ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ಓದಿದರು, ಮಡಚಿ ನನ್ನ ಕಡೆಗೇ ದೂಡಿದರು. "ಆಗಿದ್ದ ಆತು. ಈಗ ಕೆದರಿ ಏನ ಮಾಡಾಂವ ಇದ್ದಿ? ನಿನ್ನ ಕರಾರ ಮುಗಿಯಾಕ ಬಂದೈತಿ ಹೌದಲ್ಲೋ?" ಮೈಯೆಲ್ಲ ಉರಿದುಹೋಯಿತು. ಆದರೆ ಬಾಯಿಂದ ಬಂದದ್ದು "ಹೌದ್ರಿ ಸರ" ಅಷ್ಟೇ.

ಆ ಹಾಳೆ ತೆಗೆದುಕೊಂಡು ಹುನ್ನೂರಿಗೆ ಹೋದೆ. ಅಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಇನ್ನೊಬ್ಬರ ಹೊಲಕ್ಕೆ ಕೂಲಿ ಹೋಗುತ್ತಾಳೆಂದು ಬಸ್ಸಿನಲ್ಲೇ ಕೇಳಿದ್ದೆ. ಕಂಡವಳೇ "ಬಾ ತಮ್ಮಾ" ಎಂದು ಮೊರ ಕೆಳಗಿಟ್ಟಳು. ನಾನು ಹಾಳೆ ಬಿಚ್ಚಿ, ಬೆರಳಿಟ್ಟು ತೋರಿಸಿದೆ.

"ಇಲ್ಲಿ ವಿಭಾಗದ ಸಾಹೇಬರ ಖೋಲಿ ಹೆಸರ ಐತಿ ಅಕ್ಕಾ. ನೀ ಅಲ್ಲ."

"ನಾ ಅಲ್ಲ ಅನ್ನೂದು ನನಗ ಗೊತ್ತೈತಲ್ಲೋ" ಎಂದಳು. ಆಮೇಲೆ ಕೇಳಿದಳು, "ಅವತ್ತ ಇದು ಇದರಾಗ ಇರಲಿಲ್ಲೇನು?"

"ಇತ್ತು. ನಾ ನೋಡಿರಲಿಲ್ಲ ಅಕ್ಕಾ. ಖರೇನ ನೋಡಿರಲಿಲ್ಲ."

ಅವಳು ಸೆರಗಿನ ಗಂಟು ಬಿಚ್ಚಿ ಭಂಡಾರವನ್ನು ಅಂಗೈಗೆ ಸುರಿದು ನನ್ನ ಮುಂದೆ ಹಿಡಿದಳು. "ಮುಟ್ಟಿ ಹೇಳು."

ಮೀಟಿಂಗಿನ ದಿನ ಪೂರ್ತಿ ಸಾಲು ನನ್ನ ಕಣ್ಣ ಮುಂದೆಯೇ ಇತ್ತು. ಕೋಣೆಯ ಹೆಸರನ್ನು ಎರಡು ಸಲ ಓದಿದ್ದೆ. ಕರಾರಿನ ಕಾಗದದ ಮೇಲೆ ಮುಖ್ಯಸ್ಥರ ಸಹಿಯೂ ಬೇಕು ಎಂಬುದು ನೆನಪಾಗಿತ್ತು. ಆಮೇಲೆಯೇ ಕತ್ತರಿಸಿದ್ದು. ದೊಡ್ಡವರಿಗೆ ತಿಳಿಯಲೆಂದು ಹಾಗೆ ಮಾಡಿದೆ ಎಂದು ವರ್ಷಪೂರ್ತಿ ನನಗೆ ನಾನೇ ಹೇಳಿಕೊಂಡಿದ್ದೆ.

ಕೈ ಮುಂದೆ ಹೋಗಲಿಲ್ಲ. ಅಕ್ಕ ಭಂಡಾರವನ್ನು ಒಂದು ಕಣವೂ ಚೆಲ್ಲದಂತೆ ಸೆರಗಿಗೆ ಸುರಿದುಕೊಂಡು ಗಂಟು ಹಾಕಿದಳು.

"ಅಂದ್ರ ಮಷೀನ ಸುಳ್ಳ ಹೇಳಿರಲಿಲ್ಲ ಬಿಡು" ಎಂದಳು.

ಬಯ್ಯಲಿಲ್ಲ. ಒಳಗೆ ಹೋಗಿ ಚಹಾ ಮಾಡಿ ತಂದಳು. ಅದನ್ನೂ ಕುಡಿದು ಬಂದೆ ನಾನು, ಥೂ!