ತಾಳ ಹಿಡಿದವನ ಕಿವಿ

ನಾನು ಕಿವುಡನಲ್ಲ ಎಂದು ನಂಬಿಕೊಂಡಿದ್ದವನು ಅಬ್ಬಿಗೇರಿಯಲ್ಲಿ ನಾನೊಬ್ಬನೇ. ಉಳಿದವರಿಗೆಲ್ಲ ವಿಷಯ ಗೊತ್ತಿತ್ತು. ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಗುಮಾಸ್ತನಾಗಿ ಆಯುಷ್ಯ ಕಳೆದವನು ನಾನು. ಯಂತ್ರಗಳಿಗೂ ನನ್ನ ಕುರ್ಚಿಗೂ ನಡುವೆ ಒಂದು ತಗಡಿನ ಗೋಡೆ ಮಾತ್ರ. ಅರಳೆಯ ಜೊತೆಗೆ ಕಿವಿಯೂ ತುಸುತುಸುವೇ ಹಾರಿಹೋಗಿರಬೇಕು. ಹೋಗುವಾಗ ಅದು ಹೇಳಿ ಹೋಗಲಿಲ್ಲ. ಈಗೀಗ ಗುಬ್ಬಿಗಳೇ ಇಲ್ಲವಾದವು ಎಂದು ಕಟ್ಟೆಯ ಮೇಲೆ ಕೂತು ನಾಲ್ಕು ಜನರ ಮುಂದೆ ವ್ಯಥೆಪಟ್ಟಿದ್ದೇನೆ. ಅವು ಆಗಲೂ ನಮ್ಮ ಮನೆಯ ಜಂತಿಯಲ್ಲೇ ಸಂಸಾರ ಹೂಡಿಕೊಂಡಿದ್ದವು ಎಂಬುದು ತಿಳಿದದ್ದು ಆಮೇಲೆ.

ಹಾಗೆ ನೋಡಿದರೆ ಕಿವುಡುತನ ಇರಬಾರದ ಊರೇನಲ್ಲ. ಅಲ್ಲಿ ಸದಾ ಮಧ್ಯಾಹ್ನದ ಹೊತ್ತು. ಪಡಸಾಲೆಯಲ್ಲಿ ಒರಗಿ ಕೂತರೆ ಬೀದಿಯಲ್ಲಿ ಟ್ರ್ಯಾಕ್ಟರು ತೇಲಿಕೊಂಡು ಹೋಗುತ್ತಿತ್ತು. ಮನೆಯಾಕೆಯ ಬಾಯಿ ಆಡುತ್ತಿತ್ತು. ನಾನು ನನಗೆ ಹಿತವಾದ ಮಾತನ್ನು ಅದಕ್ಕೆ ಕೂಡಿಸಿಕೊಂಡು ಹೂಂಗುಡುತ್ತಿದ್ದೆ. ನಲವತ್ತು ವರ್ಷ ದಾಟಿದ ದಾಂಪತ್ಯಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ ಎಂದು ನನ್ನ ತಿಳುವಳಿಕೆ. ಆಕೆಯದು ಹಾಗಿರಲಿಲ್ಲ. ಒಂದು ದಿನ ಬಂದು ನನ್ನ ಭುಜ ಹಿಡಿದು ಕಿವಿಯ ಹತ್ತಿರವೇ ಹೇಳಿದಳು: “ಗ್ವಾಡಿ ಕೂಡ ಮಾತಾಡಿ ಮಾತಾಡಿ ಸಾಕಾಗೇತ್ರಿ ನನಗ. ದವಾಖಾನಿಗೆ ನಡೀರಿ.” ಕಣ್ಣಲ್ಲಿ ನೀರಿತ್ತು.

ನಾನು ಹಿಂಜರಿಯುತ್ತಿದ್ದುದಕ್ಕೆ ಕಾರಣ ಬೇರೆ. ಊರ ಮಠದ ಸೋಮವಾರದ ಭಜನೆಯಲ್ಲಿ ತಾಳ ಹಾಕುವವನು ನಾನು. ಹರೆಯದಿಂದಲೂ ಅದು ನನ್ನದೇ. ಶ್ರುತಿ ತಾಯಿ, ಲಯ ತಂದೆ ಎಂದು ಬಲ್ಲವರು ಹೇಳುತ್ತಾರೆ. ತಾಯಿ ಕೈಬಿಟ್ಟರೇನು, ತಂದೆ ಇದ್ದಾನಲ್ಲ ಎಂಬ ಧೈರ್ಯದಲ್ಲಿ ನಾನಿದ್ದೆ. ಕಣ್ಣು ಮುಚ್ಚಿ ತಾಳ ಹಾಕುವುದು ನನ್ನ ಪದ್ಧತಿ. ಜನ ಅದನ್ನು ಭಕ್ತಿ ಎಂದುಕೊಂಡಿದ್ದರು, ಕ್ರಮೇಣ ನಾನೂ ಹಾಗೇ ಅಂದುಕೊಂಡೆ. ದವಾಖಾನೆಯವರು ಕಿವುಡ ಎಂದು ಬರೆದುಕೊಟ್ಟರೆ ಕಿವುಡನ ಕೈಯಲ್ಲಿ ತಾಳ ಯಾರು ಇಡುತ್ತಾರೆ? ಆ ಜೋಡಿ ಕಂಚು ಕೈಬಿಟ್ಟರೆ ಸೋಮವಾರಕ್ಕೂ ಮಂಗಳವಾರಕ್ಕೂ ನನಗೆ ಫರಕೇ ಉಳಿಯುತ್ತಿರಲಿಲ್ಲ.

ಗಜೇಂದ್ರಗಡದಲ್ಲಿ ಪರೀಕ್ಷೆ. ಗೋಡೆಗೆಲ್ಲ ಮೆತ್ತೆ ಹೊಡೆದ ಸಣ್ಣ ಕೋಣೆಯಲ್ಲಿ ನನ್ನನ್ನು ಕೂರಿಸಿ, ಕಿವಿಗೆ ಎರಡು ಬಟ್ಟಲು ಕಟ್ಟಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಬಾಗಿಲು ಮುಚ್ಚಿತು. ಬಾವಿಯ ತಳದಲ್ಲಿ ಕೂತಷ್ಟು ಹಾಯೆನಿಸಿತು. ಎಲ್ಲೋ ದೂರದಲ್ಲಿ ಕುಂಯ್ ಎಂದಿತು, ಒತ್ತಿದೆ. ತುಸು ಬಿಟ್ಟು ಮತ್ತೊಂದು. ಮೂರನೆಯದಕ್ಕೆ ನನಗೆ ಅದರ ನಡಿಗೆ ಸಿಕ್ಕಿಬಿಟ್ಟಿತು. ಆಮೇಲೆ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳೆಣಿಸುತ್ತ, ತಾಳದ ಸಮ ಬಂದಾಗಲೆಲ್ಲ ಗುಂಡಿ ಒತ್ತುತ್ತ ಪರಮಾನಂದದಲ್ಲಿದ್ದೆ. ಪರೀಕ್ಷೆ ಮಾಡುವ ಹುಡುಗಿ ಬಾಗಿಲು ತೆರೆದು ಒಳಗೆ ಬಂದಾಗಲೇ ಎಚ್ಚರ.

“ಅಜ್ಜಾರ, ನಾ ಸಪ್ಪಳ ಬಂದ್ ಮಾಡಿ ಭಾಳ ಹೊತ್ತಾತು. ನೀವ್ ಇನ್ನೂ ಒತ್ತಾಕತ್ತೀರಿ,” ಎಂದು ಆಕೆ ಕಿವಿಯ ಬಳಿ ಬಾಗಿ ಹೇಳಿದಳು.

“ತಾಳ ತಪ್ಪಿಲ್ಲಲ್ಲವಾ?” ಎಂದೆ.

“ತಾಳ ಬರೋಬರಿ ಐತ್ರಿ. ಕಿವೀನ ಇಲ್ಲ,” ಎಂದು ನಕ್ಕಳು.

ಮತ್ತೆ ಪರೀಕ್ಷೆಯಾಯಿತು. ಈ ಸಲ ಆಕೆ ಹೊತ್ತುಗೊತ್ತಿಲ್ಲದೆ ಸದ್ದು ಬಿಟ್ಟಳು, ನನ್ನ ಬಂಡವಾಳ ಬಯಲಾಯಿತು.

ಅವರು ಕೊಟ್ಟ ಎರಡು ಶ್ರವಣಯಂತ್ರಗಳು ಕಿವಿಯ ಹಿಂದೆ ಹುಣಸೆಬೀಜದಂತೆ ಕೂತವು. ಹೊರಗೆ ಬಂದೆ, ಜಗತ್ತು ಮೈಮೇಲೆ ಬಿತ್ತು. ನನ್ನ ಚಪ್ಪಲಿ ಇಷ್ಟು ಮಾತಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನದೇ ದನಿ ಯಾರೋ ಅತಿಥಿಯದು ಅನ್ನಿಸಿತು. ಗುಡ್ಡದ ಮೇಲಿನ ಕರೆಂಟು ತೆಗೆಯುವ ಗಾಳಿಫ್ಯಾನುಗಳು ನಿದ್ದೆಯಲ್ಲಿರುವವರ ಹಾಗೆ ಉಸಿರಾಡುತ್ತಿದ್ದವು. ಅವು ಮೂಕ ಎಂದೇ ನಾನು ತಿಳಿದಿದ್ದೆ. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಜೋಳದ ಕಣಿಕೆಯಲ್ಲಿ ಗಾಳಿ ಸರಿದಾಡುವ ಸದ್ದು, ಎಲ್ಲ ಬಂದವು. ಎರಡು ದಿನ ತಲೆ ಸಿಡಿಯಿತು. ಯಂತ್ರ ತೆಗೆದಿಟ್ಟು ಹಳೆಯ ಊರಿಗೆ ಕದ್ದು ಹೋಗಿಬರುತ್ತಿದ್ದೆ. ಮನೆಯಾಕೆ ಹುಡುಕಿ ತಂದು ಮತ್ತೆ ಸಿಕ್ಕಿಸುತ್ತಿದ್ದಳು. ಆಕೆಯ ಮಾತುಗಳು ನಾನು ಕೂಡಿಸಿಕೊಳ್ಳುತ್ತಿದ್ದವಕ್ಕಿಂತ ಖಾರವಾಗಿದ್ದವು. ಆದರೂ ಎಷ್ಟೋ ಚೆನ್ನಾಗಿದ್ದವು.

ಸೋಮವಾರ ಬಂತು. ಹೊಸ ಕಿವಿಯ ಬಿಂಕದಲ್ಲಿ ಮಠಕ್ಕೆ ಹೋಗಿ ತಾಳ ಹಿಡಿದೆ. ಶಂಕ್ರಪ್ಪ ಪೇಟಿ ಎತ್ತಿದ; ಹಾರ್ಮೋನಿಯಂಗೆ ನಾವು ಪೇಟಿ ಎನ್ನುತ್ತೇವೆ. ಮೊದಲ ಸಾಲು ಮುಗಿಯುತ್ತ ಬಂತು. ಅಲ್ಲಿ ನನಗೊಂದು ವಿಚಿತ್ರ ಕೇಳಿಸಿತು. ಸಾಲು ಮುಗಿದಿದೆ, ಯಾರೂ ಮುಂದೆ ಹೋಗುತ್ತಿಲ್ಲ. ಹಾಡುವವರು ಕೊನೆಯ ಅಕ್ಷರವನ್ನು ಎಳೆಯುತ್ತಿದ್ದಾರೆ, ಶಂಕ್ರಪ್ಪ ಸ್ವರವನ್ನು ಹಿಡಿದೇ ಇದ್ದಾನೆ, ತಬಲಾದವನು ಸುಮ್ಮನೆ ಬೆರಳಾಡಿಸುತ್ತಿದ್ದಾನೆ. ಎಲ್ಲರೂ ಏನನ್ನೋ ಕಾಯುತ್ತಿದ್ದರು. ನನ್ನ ಕೈ ಕೂಡಿತು, ತಾಳ ಬಿತ್ತು. ಹಾಡು ಮುಂದೆ ಹೊರಟಿತು.

ಅವರು ಕಾಯುತ್ತಿದ್ದುದು ನನ್ನನ್ನು. ಎಷ್ಟು ವರ್ಷದಿಂದಲೋ ನಾನು ಪ್ರತಿ ಸಾಲಿಗೂ ತಡವಾಗಿ ಬರುತ್ತಿದ್ದೆ, ಅವರು ಬಾಗಿಲು ತೆರೆದಿಟ್ಟುಕೊಂಡು ನಿಂತಿರುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡು, ಇಡೀ ಭಜನೆ ನನ್ನ ಮೇಲೆ ನಿಂತಿದೆ ಎಂದು ತಿಳಿದಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮುಂದಿನ ಸಾಲಿಗೆ ಜಾಗ್ರತೆಯಿಂದ ಸರಿಯಾದ ಹೊತ್ತಿಗೇ ತಾಳ ಹಾಕಿದೆ. ಅನಾಹುತವಾಯಿತು. ಕಾಯಲು ಕೂತವರು ಕಾಯುತ್ತಲೇ ಉಳಿದರು, ತಬಲಾ ಒಂದು ಕಡೆ, ಹೆಣ್ಣುಮಕ್ಕಳ ದನಿ ಇನ್ನೊಂದು ಕಡೆ. ಹಾಡು ನಿಂತೇಹೋಯಿತು.

ನಾನು ತಾಳವನ್ನು ಶಂಕ್ರಪ್ಪನ ಮುಂದಿಟ್ಟೆ. “ಬ್ಯಾರೇದವರ ಕೈಯಾಗ ಕೊಡಪಾ. ಇಷ್ಟ ದಿನ ನನ್ನ ಹೊತಗೊಂಡ ಹೋಗೀರಿ, ಸಾಕಾತು.” ಎಂದೆ.

ಶಂಕ್ರಪ್ಪ ಪೇಟಿಯ ತಿದಿ ಮುಚ್ಚಿದ. “ಕಾಕಾ, ಮೊದಮೊದಲ ಕಾಯ್ತಿದ್ವಿ, ಖರೇ. ಮುಂದ ಹಾಡ ಹಿಂಗ ನಡ್ಯೂದು ಅಂತ ರೂಢಿ ಬಿತ್ತು. ಈಗ ಬೆಳವಣಕಿಯವರು ಬಂದು ಇದನ್ನ ಕಲತ ಹೋಗ್ಯಾರ. ಅಬ್ಬಿಗೇರಿ ನಡಿಗಿ ಅಂತಾರ ಇದಕ್ಕ. ನೀವ ಲಗೂ ಹೊಂಟರ ಅವರಿಗೇನ್ ಹೇಳೂದ್ರಿ?”

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನನ್ನ ಕಿವುಡುತನ ನನಗೆ ತಿಳಿಯದಂತೆ ಪಕ್ಕದ ಊರಿನವರೆಗೆ ನಡೆದುಹೋಗಿ ಒಂದು ಸಂಪ್ರದಾಯವಾಗಿ ಕೂತಿತ್ತು. ದೊಡ್ಡ ದೊಡ್ಡ ಪರಂಪರೆಗಳ ಬುಡದಲ್ಲೂ ಇಂಥ ಒಬ್ಬ ಮುದುಕ ಕಣ್ಣು ಮುಚ್ಚಿ ಕೂತಿರಬಹುದೇ ಎಂಬ ಅನುಮಾನ ನನಗೆ ಆ ಕ್ಷಣದಿಂದ ಶುರುವಾಗಿದೆ. ಶಂಕ್ರಪ್ಪ ತಾಳವನ್ನು ಎತ್ತಿ ನನ್ನ ಕೈಯಲ್ಲಿಟ್ಟ.

ಕೇಳದೆ ತಡವಾಗುವುದು ಸುಲಭ, ಕೇಳಿಸಿಕೊಂಡು ತಡವಾಗುವುದು ವಿದ್ಯೆ. ಸಾಲು ಮುಗಿಯಿತು. ನಾನು ಕೈ ತಡೆದು ಹಿಡಿದೆ. ಆ ಬಿಡುವಿನಲ್ಲಿ ಮಠ ತುಂಬ ಜನ ಒಟ್ಟಿಗೆ ಉಸಿರೆಳೆದುಕೊಳ್ಳುವ ಸದ್ದು ಕೇಳಿಸಿತು. ಅದರೊಳಗೆ ಹೆಣ್ಣುಮಕ್ಕಳ ಕಡೆಯಿಂದ ಮನೆಯಾಕೆಯದೂ ಇತ್ತು, ನನಗೆ ಗುರುತು ಸಿಕ್ಕಿತು. ಇಷ್ಟು ವರ್ಷ ಪ್ರತಿ ಸಾಲಿಗೂ ಇಷ್ಟು ಜನ ನನಗಾಗಿ ಉಸಿರು ಹಿಡಿದು ನಿಂತಿದ್ದರು. ಅಳು ಬಂತು. ತಾಳ ಇನ್ನೂ ತುಸು ತಡವಾಗಿ ಬಿತ್ತು, ಎಲ್ಲರೂ ಕಾದಿದ್ದು ಜೊತೆಗೆ ಹೊರಟರು.